ಸಭೆಗೆ ಜನ ಬರುತ್ತಿಲ್ಲ. ಊರಿನ ತಿಳಿವಳಿಕೆ ಬರೆದಿಡುವುದು ಹೇಗೆ?

ಪ್ರಶ್ನೆ: ನಮ್ಮದು ಮಧುಗಿರಿ ತಾಲೂಕಿನ ಒಂದು ಹಳ್ಳಿ. ಸುಮಾರು 220 ಮನೆಗಳಿವೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರದ ಕೊನೆಗೆ ಊರಿಗೆ ಬರುತ್ತೇನೆ. ನಾವು ಏಳು ಜನ ಗೆಳೆಯರು ಸೇರಿ ಕೆರೆ, ಬೀಜ, ನಾಟಿ ಔಷಧಿ ಬಗ್ಗೆ ಹಿರಿಯರಿಗೆ ಗೊತ್ತಿರುವುದನ್ನೆಲ್ಲ ಬರೆದಿಡಲು ಹೊರಟೆವು. ಅರಳಿಕಟ್ಟೆಯಲ್ಲಿ ಭಾನುವಾರ ಬೆಳಿಗ್ಗೆ 11ಕ್ಕೆ ಸಭೆ ಕರೆದೆವು. ಮೊದಲ ಸಭೆಗೆ 60 ಜನ ಬಂದರು, ಎರಡನೆಯದಕ್ಕೆ 15. ಮೂರನೆಯದಕ್ಕೆ ನಮ್ಮನ್ನು ಬಿಟ್ಟರೆ ನಾಲ್ಕೇ ಜನ. ಜನರಿಗೆ ಆಸಕ್ತಿ ಇಲ್ಲವೇ? ನಾವು ಎಲ್ಲಿ ತಪ್ಪಿದೆವು? ಸಿಕ್ಕಿದ್ದನ್ನೆಲ್ಲ ಇಂಟರ್‌ನೆಟ್‌ಗೆ ಹಾಕಬಹುದೇ? ಪಂಚಾಯಿತಿಯಿಂದ ನೆರವು ಸಿಗುತ್ತದೆಯೇ?

ಉತ್ತರ: ಜನರಿಗೆ ಆಸಕ್ತಿ ಇಲ್ಲ ಅಂತ ದಯವಿಟ್ಟು ತೀರ್ಮಾನಿಸಬೇಡಿ. 220 ಮನೆಯ ಊರಿನಲ್ಲಿ ಮೊದಲ ದಿನವೇ 60 ಜನ ಬಂದಿದ್ದಾರೆ. ಅದು ಸಣ್ಣ ಸಂಖ್ಯೆ ಏನಲ್ಲ. ಅವರು ಬಂದರು, ಕೂತರು, ತಮಗೆ ಗೊತ್ತಿದ್ದನ್ನು ಹೇಳಿದರು, ಮನೆಗೆ ಹೋದರು. ಆಮೇಲೆ ಆ ಮಾತು ಏನಾಯಿತು ಅನ್ನುವುದು ಅವರಿಗೆ ಕಾಣಲಿಲ್ಲ. ಹಾಗಿದ್ದ ಮೇಲೆ ಎರಡನೇ ಸಲ ಕೆಲಸ ಬಿಟ್ಟು ಯಾಕೆ ಬರಬೇಕು?

ನಾನು ಇದನ್ನು ಕಲಿತದ್ದು ನೋವಿನಿಂದ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಊರಿನಲ್ಲಿ ಎಂಟು ತಿಂಗಳು ಓಡಾಡಿ ದಪ್ಪ ದಾಖಲೆ ಪುಸ್ತಕ ಮಾಡಿದ್ದೆ. ಗಿಡದ ಹೆಸರು, ಬೀಜದ ಹೆಸರು, ಕೆರೆ ನೀರಿನ ಕಟ್ಟುಪಾಡು ಎಲ್ಲವೂ ಅದರಲ್ಲಿತ್ತು. ಅಂದವಾಗಿ ಬೈಂಡ್ ಮಾಡಿಸಿ ಕಚೇರಿಗೆ ಕೊಟ್ಟು ಬಂದೆ. ಎರಡು ವರ್ಷದ ಮೇಲೆ ಅದೇ ಊರಿಗೆ ಹೋದಾಗ ಒಬ್ಬ ಅಜ್ಜಿ ನನ್ನನ್ನು ಗುರುತು ಹಿಡಿದರು. ಮೂರು ಸಂಜೆ ಕೂತು ನನಗೆ ಬೀಜ ಕಾಯುವ ವಿದ್ಯೆ ಹೇಳಿಕೊಟ್ಟವರು ಅವರು. ‘ನಾನು ಹೇಳಿದ್ದೆಲ್ಲಾ ಎಲ್ಲಿಗೆ ತಗೊಂಡು ಹೋದೆಯಪ್ಪಾ?’ ಅಂತ ಕೇಳಿದರು. ಪುಸ್ತಕ ಕಚೇರಿಯ ಬೀರುವಿನಲ್ಲಿ ಬೀಗದೊಳಗಿತ್ತು. ಊರಿನ ಒಬ್ಬರೂ ಅದನ್ನು ತೆರೆದು ನೋಡಿರಲಿಲ್ಲ. ಆ ಅಜ್ಜಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಒಂದು ನಿಯಮ ಹಾಕಿಕೊಂಡಿದ್ದೇನೆ. ಯಾರಾದರೂ ಏನಾದರೂ ಹೇಳಿದರೆ, ಒಂದು ವಾರದೊಳಗೆ ಅದು ಅವರ ಹೆಸರಿನೊಂದಿಗೆ ಅದೇ ಊರಿಗೆ ವಾಪಸ್ ಹೋಗಬೇಕು. ಬೇರೆಲ್ಲಿಗೆ ಹೋಗುವುದಿದ್ದರೂ ಆಮೇಲೆ. ನಿಮ್ಮ ಮಿಕ್ಕ ಪ್ರಶ್ನೆಗಳಿಗೂ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಮೊದಲು ಒಂದು ಲೆಕ್ಕ ಹಾಕಿ. ಆ 60 ಜನರಲ್ಲಿ ಹೆಂಗಸರು ಎಷ್ಟು? ಕಾಲೋನಿಯಿಂದ ಬಂದವರು ಎಷ್ಟು? ಕುರಿ ಮೇಯಿಸುವವರು ಎಷ್ಟು? ಭಾನುವಾರ ಬೆಳಿಗ್ಗೆ 11 ಗಂಟೆಗೆ ಅರಳಿಕಟ್ಟೆಯಲ್ಲಿ ಸಭೆ ಅಂದರೆ ಯಾರು ಬರಲು ಸಾಧ್ಯ ಅಂತ ನೀವೇ ಯೋಚಿಸಿ. ಕುರಿ ಆಗಲೇ ಗೋಮಾಳಕ್ಕೆ ಹೋಗಿರುತ್ತದೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಯಾರದೋ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾರೆ. ಇನ್ನು ಅರಳಿಕಟ್ಟೆಯ ಮೇಲೆ ಎಲ್ಲರೂ ಸಮನಾಗಿ ಕೂರುವ ಊರುಗಳು ಇವತ್ತಿಗೂ ಕಡಿಮೆ. ಇದನ್ನು ಮುಚ್ಚಿಟ್ಟುಕೊಂಡು ಕೆಲಸ ಮಾಡಿದರೆ ಊರಿನ ಅರ್ಧ ತಿಳಿವಳಿಕೆ ನಿಮಗೆ ಸಿಗುವುದೇ ಇಲ್ಲ.

ಕೆರೆಯನ್ನೇ ನೋಡಿ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರೆ. ತುಮಕೂರು, ಕೋಲಾರದ ಕಡೆ ಕೆರೆಯ ನೀರು ಹಂಚುತ್ತಿದ್ದವನು ನೀರುಗಂಟಿ. ಯಾವ ದಿನ ತೂಬು (ಕೆರೆಯ ನೀರು ಬಿಡುವ ಬಾಗಿಲು) ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಜಿನುಗುತ್ತದೆ, ಕೆರೆ ತುಂಬಿ ಕೋಡಿ ಬಿದ್ದರೆ ನೀರು ಮೊದಲು ಎಲ್ಲಿಗೆ ನುಗ್ಗುತ್ತದೆ ಎಲ್ಲವೂ ಅವನ ತಲೆಯಲ್ಲಿರುತ್ತಿತ್ತು. ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನಿನ ರೈತರು ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು. ಹಲವು ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳ ಕೈಯಲ್ಲಿತ್ತು. ಅಂದರೆ ಕೆರೆಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವರು ಸಭೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಅವರ ಕೆಲಸವೂ ಹೋಯಿತು, ಕೇಳುವವರೂ ಇಲ್ಲವಾದರು. ನಿಮ್ಮೂರಿನ ನೀರುಗಂಟಿಯ ಮನೆ ಯಾವುದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಅವರ ಮಗನೋ ಸೊಸೆಯೋ ಇರುತ್ತಾರೆ. ಅವರ ಮನೆಗೆ ನೀವೇ ಹೋಗಿ. ಅವರನ್ನು ಕರೆಸಬೇಡಿ.

ಹೀಗೆ ಜನ ಇರುವ ಕಡೆಗೆ ನೀವು ಹೋಗಬೇಕು. ನಿಮ್ಮೂರಿನಲ್ಲಿ ಹಾಲಿನ ಡೈರಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಎಲ್ಲ ಕೇರಿಯವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಹತ್ತು ನಿಮಿಷ ಸುಮ್ನೆ ನಿಲ್ಲುವ ಹೊತ್ತು ಅದು. ಸ್ತ್ರೀಶಕ್ತಿ ಸಂಘದ ವಾರದ ಸಭೆ ಇನ್ನೊಂದು ಜಾಗ. ಅಲ್ಲಿಗೆ ನಿಮ್ಮ ಗುಂಪಿನ ಹೆಣ್ಣುಮಕ್ಕಳು ಹೋಗಲಿ. (ಏಳು ಜನರಲ್ಲಿ ಹೆಣ್ಣುಮಕ್ಕಳೇ ಇಲ್ಲದಿದ್ದರೆ ನಿಮ್ಮ ಮೊದಲ ಕೆಲಸ ಅದನ್ನು ಸರಿ ಮಾಡುವುದು.) ಉದ್ಯೋಗ ಖಾತ್ರಿ ಕೆಲಸದ ಜಾಗ, ಹಿಟ್ಟಿನ ಗಿರಣಿ, ರೇಷನ್ ಅಂಗಡಿ ಕೂಡ ಆಗುತ್ತವೆ.

ಕೇಳುವ ಪ್ರಶ್ನೆ ಚಿಕ್ಕದಾಗಿರಲಿ. ‘ನಿಮ್ಮಲ್ಲಿ ಏನೇನು ಸಾಂಪ್ರದಾಯಿಕ ಜ್ಞಾನ ಇದೆ?’ ಅಂತ ಕೇಳಿದರೆ ಯಾರಿಗೂ ಏನೂ ತೋಚುವುದಿಲ್ಲ. ‘ಅಯ್ಯೋ, ನಮಗೇನು ಗೊತ್ತು, ಓದಿದವರು ನೀವು’ ಅನ್ನುತ್ತಾರೆ. ‘ಅಜ್ಜೀ, ತೊಗರಿ ಬೀಜಕ್ಕೆ ಹುಳ ಬೀಳದ ಹಾಗೆ ಏನು ಮಾಡ್ತಿದ್ರಿ?’ ಅಂತ ಕೇಳಿ. ಆಗ ಮಾತು ತಾನಾಗಿ ಬರುತ್ತದೆ. ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಬೂದಿ ಬೆರೆಸುವುದು, ಬೇವಿನ ಸೊಪ್ಪು ಹಾಕುವುದು ಅಂತ ಒಂದೊಂದು ಮನೆಯದು ಒಂದೊಂದು ಕ್ರಮ. ಅವರೆ ಬೀಜವನ್ನು ರಾಗಿಯೊಳಗೆ ಬೆರೆಸಿಡುವವರೂ ಇದ್ದಾರೆ. ರಾಗಿ ಸಣ್ಣ ಕಾಳು. ಅವರೆಯ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಹುಳಕ್ಕೆ ಓಡಾಡಲು ಜಾಗವೇ ಸಿಗುವುದಿಲ್ಲ. ಬಿತ್ತುವಾಗ ಜರಡಿ ಹಿಡಿದರೆ ಎರಡೂ ಬೇರೆ ಬೇರೆ. ಎಷ್ಟು ಜಾಣತನದ ಯೋಚನೆ ಅಲ್ವಾ? ಪುಸ್ತಕದಲ್ಲಿ ಓದಿದ್ದಕ್ಕಿಂತ ಅಜ್ಜಿ ಮೊರದಲ್ಲಿ ಹಾಕಿ ತೋರಿಸಿದಾಗ ಇದು ನೂರು ಪಾಲು ಚೆನ್ನಾಗಿ ಅರ್ಥವಾಗುತ್ತದೆ.

ಅಕ್ಕಡಿ ಸಾಲಿನ (ಮುಖ್ಯ ಬೆಳೆಯ ನಡುವೆ ಬೇರೆ ಕಾಳು ಬಿತ್ತುವ ಸಾಲು) ಬಗ್ಗೆಯೂ ಹಾಗೇ ಕೇಳಿ. ರಾಗಿ ಹೊಲದಲ್ಲಿ ಎಷ್ಟು ಸಾಲಿಗೊಂದು ಅಕ್ಕಡಿ, ಅದರಲ್ಲಿ ಅವರೆ ಎಷ್ಟು, ತೊಗರಿ, ಜೋಳ, ಹುಚ್ಚೆಳ್ಳು, ಅಲಸಂದೆ ಎಷ್ಟು, ಅಂಚಿಗೆ ಹರಳು ಯಾಕೆ? ನಿಮ್ಮೂರಿನ ಎರಡು ಮನೆಗಳ ಉತ್ತರ ಒಂದೇ ಆಗಿರುವುದಿಲ್ಲ. ಆ ವ್ಯತ್ಯಾಸವನ್ನು ಹಾಗೆಯೇ ಬರೆದುಕೊಳ್ಳಿ. ಎಲ್ಲ ಸೇರಿಸಿ ಒಂದು ‘ಸರಿಯಾದ’ ಉತ್ತರ ಮಾಡಬೇಡಿ. ಕೆಂಪು ಮಣ್ಣಿನ ಹೊಲದವರದು ಒಂದು ಲೆಕ್ಕ, ಕೆರೆ ಹಿಂದಿನ ಹೊಲದವರದು ಇನ್ನೊಂದು.

ಇಷ್ಟು ವರ್ಷದ ಅನುಭವದಲ್ಲಿ ನಾನು ಕಂಡ ಒಂದು ವಿಷಯ ಹೇಳುತ್ತೇನೆ. ಹೇಳಿ ಅಂದರೆ ಹಿಂಜರಿಯುವ ಜನ, ತಪ್ಪು ತಿದ್ದಿ ಅಂದರೆ ಓಡಿ ಬರುತ್ತಾರೆ. ಅದಕ್ಕೇ ನಕ್ಷೆ ಬರೆಯುವುದರಿಂದ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳುವುದು. ಡೈರಿ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ನಿಮ್ಮ ಕೆರೆಯನ್ನು ಬಿಡಿಸಿ. ಏರಿ, ತೂಬು, ಕೋಡಿ, ರಾಜಕಾಲುವೆ, ಅಚ್ಚುಕಟ್ಟು ನಿಮಗೆ ತೋಚಿದ ಹಾಗೆ ಹಾಕಿ. ಹತ್ತು ನಿಮಿಷ ತಡೆಯಿರಿ. ‘ಅಲ್ಲಲ್ಲ, ಕಾಲುವೆ ಇಲ್ಲಿ ಬರಲ್ಲ, ಆ ಹುಣಸೆಮರದ ಹಿಂದೆ ಇತ್ತು, ಈಗ ಮುಚ್ಚಿಬಿಟ್ಟಿದ್ದಾರೆ’ ಅಂತ ಒಬ್ಬರು ಶುರು ಮಾಡುತ್ತಾರೆ. ಇನ್ನೊಬ್ಬರು ಅವರನ್ನು ತಿದ್ದುತ್ತಾರೆ. ಪುಡಿ ಡಬ್ಬಿ ಅವರ ಕೈಗೆ ಕೊಟ್ಟು ನೀವು ಪಕ್ಕಕ್ಕೆ ಸರಿಯಿರಿ. ಕೊನೆಗೆ ಫೋಟೊ ತೆಗೆದು ಹಾಳೆಗೆ ಇಳಿಸಿಕೊಳ್ಳಿ. 1990ರ ಆಸುಪಾಸಿನಲ್ಲಿ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಈ ಪದ್ಧತಿಯನ್ನು ಚೆನ್ನಾಗಿ ಬೆಳೆಸಿದವು. ಹೆಂಗಸರಿಂದ ಬೇರೆಯಾಗಿ ಒಂದು ನಕ್ಷೆ ಬರೆಸಿ. ಗಂಡಸರ ನಕ್ಷೆಯಲ್ಲಿ ಗದ್ದೆ, ರಸ್ತೆ, ಬೋರ್‌ವೆಲ್ ದೊಡ್ಡದಾಗಿರುತ್ತವೆ. ಹೆಂಗಸರ ನಕ್ಷೆಯಲ್ಲಿ ಸೊಪ್ಪು ಸಿಗುವ ಬದು, ಸೌದೆ ತರುವ ದಾರಿ, ಬಟ್ಟೆ ಒಗೆಯುವ ಕಲ್ಲು ಬರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವಾಗ ಊರು ಬೇರೆಯೇ ಕಾಣುತ್ತದೆ.

ಮಳೆ ಲೆಕ್ಕ ಇನ್ನೊಂದು ಒಳ್ಳೆಯ ಕೆಲಸ. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿದೆ. ಒಂದೊಂದು ಮಳೆ 13–14 ದಿನ. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಅನ್ನುವ ಗಾದೆ ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಜೂನ್ ಕೊನೆಯಿಂದ ಜುಲೈ ಮೊದಲ ವಾರದವರೆಗಿನ ಆ ಮಳೆಯ ಮೇಲೆ ರಾಗಿ ಬಿತ್ತನೆಯ ಲೆಕ್ಕ ನಿಂತಿರುತ್ತದೆ. ಡೈರಿಯಲ್ಲಿ ಒಂದು ಪುಸ್ತಕ ನೇತುಹಾಕಿ. ಯಾವ ಮಳೆಯಲ್ಲಿ ಎಷ್ಟು ದಿನ ಬಂತು, ಹದ ಆಯಿತೇ, ಯಾರು ಏನು ಬಿತ್ತಿದರು ಅಂತ ದಿನಕ್ಕೊಂದು ಸಾಲು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪನ ಯಂತ್ರ ಹಾಕಿದೆ. ಆ ಅಂಕಿಯನ್ನೂ ಪಕ್ಕದಲ್ಲಿ ಬರೆಯಿರಿ. ಪಂಚಾಯಿತಿ ಕೇಂದ್ರದಲ್ಲಿ ಬಂದ ಮಳೆ ನಿಮ್ಮ ಹೊಲಕ್ಕೆ ಬಂದಿರುವುದಿಲ್ಲ ಎಷ್ಟೋ ಸಲ. ಮೂರು ವರ್ಷದ ಇಂಥ ಪುಸ್ತಕ ಬೆಳೆಹಾನಿಯ ಮಾತು ಬಂದಾಗ ಮುಂದಿಟ್ಟು ಮಾತಾಡಲು ಬರುತ್ತದೆ.

ಈಗ ವಾಪಸ್ ಕೊಡುವ ವಿಷಯ. ಇದು ಕಷ್ಟವಿಲ್ಲ. ಫೋನಿನಲ್ಲಿ ಒಂದು ವಿಷಯಕ್ಕೆ ಮೂರು ನಿಮಿಷದಷ್ಟು ರೆಕಾರ್ಡ್ ಮಾಡಿ. ಅವರ ಮಾತು ಹೇಗಿದೆಯೋ ಹಾಗೆಯೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮುಂದಿನ ಶನಿವಾರ ಸಂಘದ ಸಭೆಯಲ್ಲಿ ಅದನ್ನು ಎಲ್ಲರಿಗೂ ಕೇಳಿಸಿ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಅನ್ನುವ ಸಮುದಾಯ ಬಾನುಲಿ ಪ್ರಯತ್ನ ನಡೆದದ್ದು ಹೀಗೆಯೇ. 2000ದ ದಶಕದ ಮೊದಲ ವರ್ಷಗಳಲ್ಲಿ ಹಳ್ಳಿಗಳಿಗೆ ರೇಡಿಯೊ ಪರವಾನಗಿ ಸಿಗುತ್ತಿರಲಿಲ್ಲ. ಸಂಘಸಂಸ್ಥೆಗಳಿಗೆ ಅವಕಾಶ ಕೊಟ್ಟ ನೀತಿ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಕಾಯುತ್ತ ಕೂರಲಿಲ್ಲ. ಊರಿನವರೇ ಮಾಡಿದ ಕಾರ್ಯಕ್ರಮವನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಿದರು, ಮಹಿಳಾ ಸಂಘಗಳಲ್ಲಿ ಕ್ಯಾಸೆಟ್ ಹಾಕಿ ಕೇಳಿಸಿದರು.

ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಪ್ರಯೋಗವೂ ಇದೇ ದಾರಿಯದು. ರೈತರೇ ಕಾಣಿಸಿಕೊಳ್ಳುವ ಸಣ್ಣ ವಿಡಿಯೊ ಮಾಡಿ, ಅದನ್ನು ಅಕ್ಕಪಕ್ಕದ ಹಳ್ಳಿಗಳಲ್ಲಿ ಕೂತು ತೋರಿಸುವುದು. ಖರ್ಚು ಮಾಡಿದ ಹಣಕ್ಕೆ ಹೋಲಿಸಿದರೆ ಮಾಮೂಲಿ ಕೃಷಿ ವಿಸ್ತರಣೆಗಿಂತ ಇದು ಹತ್ತು ಪಟ್ಟು ಫಲ ಕೊಟ್ಟಿತು ಅಂತ ಆ ತಂಡ ದಾಖಲಿಸಿದೆ. ಪರದೆಯ ಮೇಲಿನವರು ತಮ್ಮಂಥವರೇ, ತಮ್ಮ ಕಡೆಯ ಮಾತು ಆಡುವವರೇ ಅಂತ ಗೊತ್ತಾದಾಗ ನೋಡುವವರಿಗೆ ನಂಬಿಕೆ ಬರುತ್ತದೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ ಅದು. ತೋಟದಲ್ಲಿ ಮಾಡಿ ನೋಡಿದ್ದನ್ನು ಅವರೇ ಬರೆದರು, ಇನ್ನೊಬ್ಬ ಕೃಷಿಕ ಓದಿ ತನ್ನ ತೋಟದಲ್ಲಿ ಮಾಡಿದ. ನಿಮ್ಮೂರಿನಲ್ಲಿ ಅದಕ್ಕೆ ಅಚ್ಚು ಯಂತ್ರ ಬೇಡ. ಡೈರಿ ಗೋಡೆಯ ಮೇಲೆ ವಾರಕ್ಕೊಂದು ಹಾಳೆ, ದಪ್ಪ ಅಕ್ಷರ, ಕೆಳಗೆ ಹೇಳಿದವರ ಹೆಸರು. ಅಷ್ಟು ಸಾಕು.

ಬೀಜವನ್ನು ಮಾತ್ರ ಬರೆದಿಟ್ಟರೆ ಸಾಲದು. ಬೀಜ ಉಳಿಯುವುದು ಹೊಲದಲ್ಲಿ. ಹಳೆಯ ತಳಿ ಸಿಕ್ಕರೆ ಅದನ್ನು ಬೇರೆ ಬೇರೆ ಕೇರಿಯ ನಾಲ್ಕು ಮನೆಗೆ ಹಂಚಿ. ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ಸೇರು ತಂದುಕೊಡಬೇಕು ಅನ್ನುವ ಕ್ರಮ ಹಲವು ಬೀಜ ಬ್ಯಾಂಕುಗಳಲ್ಲಿದೆ. ಜಗಳವಿಲ್ಲದೆ ನಡೆಯುತ್ತದೆ.

ಇಂಟರ್‌ನೆಟ್ ಬಗ್ಗೆ ಕೇಳಿದ್ದೀರಿ. ಇಲ್ಲಿ ಅವಸರ ಬೇಡ. ನಕ್ಷೆ, ಮಳೆ ಲೆಕ್ಕ, ಅಡುಗೆ, ಬೀಜ ಕಾಯುವ ಕ್ರಮ ಇಂಥವನ್ನು ಹೇಳಿದವರು ಒಪ್ಪಿದರೆ ಹಾಕಿ. ಔಷಧಿ ಗಿಡದ ವಿಷಯ ಬೇರೆ. ಯಾವ ಗುಡ್ಡದಲ್ಲಿ ಯಾವ ಬೇರು ಸಿಗುತ್ತದೆ ಅಂತ ಹಾಕಿದರೆ ವ್ಯಾಪಾರದವರು ಬಂದು ಬುಡಸಮೇತ ಕಿತ್ತುಕೊಂಡು ಹೋಗುವ ಭಯ ಇದೆ. ಅರ್ಧ ಕೇಳಿ ಮನೆಯಲ್ಲಿ ಔಷಧಿ ಮಾಡಿಕೊಂಡವರಿಗೆ ಅಪಾಯವೂ ಆಗಬಹುದು.

ಹಾಗಂತ ಬರೆದಿಡಲೇ ಬಾರದು ಅಂತಲೂ ಇಲ್ಲ. ಅರಿಶಿನದ ಕಥೆ ಕೇಳಿರುತ್ತೀರಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಬರಹ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟವಾಗುತ್ತಿತ್ತು. ಕೇರಳದ ಕಾಣಿ ಬುಡಕಟ್ಟಿನವರ ಕಥೆ ಇನ್ನೊಂದು. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಜನ ಯಾವುದೋ ಕಾಯಿ ತಿನ್ನುತ್ತ ದಣಿವಿಲ್ಲದೆ ನಡೆಯುತ್ತಿದ್ದರು. ಕೇಳಿದಾಗ ಮೊದಲು ಹೇಳಲು ಒಪ್ಪಲಿಲ್ಲ. ಆಮೇಲೆ ತೋರಿಸಿದ ಗಿಡ ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಅನ್ನುವ ಔಷಧಿ ತಯಾರಾಯಿತು. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಪರವಾನಗಿ ಶುಲ್ಕದಲ್ಲೂ ರಾಯಧನದಲ್ಲೂ ಅರ್ಧ ಪಾಲನ್ನು ಕಾಣಿಗಳಿಗೆ ಕೊಡಲು ಒಪ್ಪಿತು. ಆದರೂ ಕಾಣಿಗಳಲ್ಲೇ ಕೆಲವರು ಬೇಸರಪಟ್ಟರು. ಹೇಳಿದವರು ಕೆಲವರು, ಆ ತಿಳಿವಳಿಕೆ ಎಲ್ಲರದು. ಯಾರನ್ನು ಕೇಳಬೇಕಿತ್ತು ಅನ್ನುವ ಪ್ರಶ್ನೆ ಹಾಗೆಯೇ ಉಳಿಯಿತು. ನೀವು ರೆಕಾರ್ಡ್ ಮಾಡುವ ಮೊದಲೇ ಇದನ್ನು ಕೇಳಿ: ‘ಇದು ಎಲ್ಲರಿಗೂ ಗೊತ್ತಾಗಬಹುದಾ, ಊರಿನೊಳಗೆ ಮಾತ್ರಾನಾ, ನಿಮ್ಮ ಮನೆಯಲ್ಲೇ ಇರಬೇಕಾ?’ ಅವರು ಹೇಳಿದ ಉತ್ತರವೂ ರೆಕಾರ್ಡ್ ಆಗಲಿ. ಮನೆಯಲ್ಲೇ ಇರಲಿ ಅಂದರೆ ಅವರ ಮೊಮ್ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು ಬನ್ನಿ. ಅವಳೇ ಬರೆದುಕೊಳ್ಳಲಿ, ನಿಮ್ಮ ಹತ್ತಿರ ಪ್ರತಿ ಬೇಡ.

ಪಂಚಾಯಿತಿ ವಿಷಯಕ್ಕೆ ಬರುತ್ತೇನೆ. ನೀವು ಮಾಡಲು ಹೊರಟಿರುವ ಕೆಲಸಕ್ಕೆ ಕಾನೂನಿನಲ್ಲೇ ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಜನರ ಜೊತೆ ಕೂತು ‘ಜನತಾ ಜೀವವೈವಿಧ್ಯ ದಾಖಲಾತಿ’, ಅಂದರೆ ಊರಿನ ಗಿಡ, ಪ್ರಾಣಿ, ತಳಿ ಮತ್ತು ಅವುಗಳ ಬಗೆಗಿನ ತಿಳಿವಳಿಕೆಯ ಪುಸ್ತಕ ಮಾಡುವುದು ಆ ಸಮಿತಿಯ ಮುಖ್ಯ ಕೆಲಸ. ಈ ಯೋಚನೆ ಬೆಳೆದದ್ದೇ ನಮ್ಮಲ್ಲಿ. ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಜೊತೆಗಾರರು 1990ರ ದಶಕದಲ್ಲೇ ಇಂಥ ದಾಖಲಾತಿಯನ್ನು ಹಳ್ಳಿಗಳಲ್ಲಿ ಮಾಡಿ ನೋಡಿದ್ದರು. ಕಾರ್ಕಳದ ಹತ್ತಿರದ ಮಾಳ ಗ್ರಾಮ ಅವುಗಳಲ್ಲಿ ಒಂದು.

ಆಮೇಲೆ ಆದದ್ದು ಅಷ್ಟು ಚೆನ್ನಾಗಿಲ್ಲ. ಎಲ್ಲ ದಾಖಲಾತಿ 2020ರ ಜನವರಿ 31ರೊಳಗೆ ಮುಗಿಯಬೇಕು, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ದೇಶದ ಎಲ್ಲ ಕಡೆ ಅವಸರ ಶುರುವಾಯಿತು. ಊರಿನವರನ್ನು ಮಾತಾಡಿಸದೆ ತುಂಬಿಸಿದ ದಾಖಲಾತಿಗಳನ್ನು ನಾನೇ ನೋಡಿದ್ದೇನೆ. ಒಂದು ಊರಿನ ಪಟ್ಟಿಯೇ ಪಕ್ಕದ ಊರಿನದರಲ್ಲೂ ಇತ್ತು.

ನಿಮಗೆ ಇದು ಒಳ್ಳೆಯ ಅವಕಾಶ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಹತ್ತಿರ ಹೋಗಿ ನಿಮ್ಮ ಪಂಚಾಯಿತಿಯ ದಾಖಲಾತಿಯ ಪ್ರತಿ ಕೇಳಿ. ಜಗಳ ಬೇಡ, ನೆರವಾಗಲು ಬಂದಿದ್ದೇವೆ ಅನ್ನಿ. ಅದನ್ನು ಸಂಘದ ಸಭೆಯಲ್ಲಿ ಒಂದೊಂದೇ ಪುಟ ಜೋರಾಗಿ ಓದಿ. ನಮ್ಮೂರಲ್ಲಿ ಇಲ್ಲದ ಮರ ಇದರಲ್ಲಿ ಯಾಕಿದೆ, ನಮ್ಮ ಹೊಲದಲ್ಲಿರುವ ಸೊಪ್ಪು ಯಾಕಿಲ್ಲ ಅಂತ ಜನರೇ ಕೇಳುತ್ತಾರೆ. ಮೊದಲೇ ಹೇಳಿದೆನಲ್ಲ, ತಿದ್ದುವುದು ಅಂದರೆ ಎಲ್ಲರಿಗೂ ಹುರುಪು. ತಿದ್ದಿದ್ದನ್ನು ಸಮಿತಿಗೆ ಬರಹದಲ್ಲಿ ಕೊಡಿ.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಮೊದಲು ಜನವಸತಿ ಸಭೆ, ವಾರ್ಡ್ ಸಭೆ ಇವೆ. ಅಲ್ಲಿಗೆ ಹತ್ತು ಬೇಡಿಕೆ ಒಯ್ಯಬೇಡಿ. ನಕ್ಷೆ ಬರೆದಾಗ ಸಿಕ್ಕ ಒಂದು ಸಣ್ಣ ಕೆಲಸ ಆರಿಸಿ. ಮುಚ್ಚಿದ ಕಾಲುವೆ ಬಿಡಿಸುವುದು, ತೂಬಿನ ರಿಪೇರಿ, ಇಂಥದ್ದು. ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅದು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿರುತ್ತದೆ, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಅದನ್ನು ಮೊದಲೇ ತಿಳಿದುಕೊಂಡರೆ ತಪ್ಪು ಬಾಗಿಲು ತಟ್ಟುವುದು ತಪ್ಪುತ್ತದೆ. ಕಾಲುವೆಯ ಗುರುತು ಹೇಳಿದ ಹಿರಿಯರನ್ನೇ ಸಭೆಯಲ್ಲಿ ಮಾತಾಡಲು ಕೇಳಿಕೊಳ್ಳಿ. ಅವರ ಪಕ್ಕದಲ್ಲಿ ನೀವು ನಿಂತಿರಿ. ಆ ಕಾಲುವೆ ಒಂದು ಬಿಡುಗಡೆಯಾದರೆ, ನಿಮ್ಮ ಮುಂದಿನ ಕೆಲಸಕ್ಕೆ ಜನರನ್ನು ಕರೆಯಬೇಕಾಗುವುದಿಲ್ಲ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಮೊದಲ ವರ್ಷ ಯಾರಿಂದಲೂ ದೊಡ್ಡ ಅನುದಾನ ತೆಗೆದುಕೊಳ್ಳಬೇಡಿ. ಹಣ ಬಂದ ಕೂಡಲೇ ಯಾರಿಗೆ ಎಷ್ಟು ಅನ್ನುವ ಮಾತು ಶುರುವಾಗುತ್ತದೆ. ಆದರೆ ಕೂಲಿಯವರನ್ನು ಅರ್ಧ ದಿನ ಕೂರಿಸಿಕೊಂಡರೆ ಅರ್ಧ ದಿನದ ಕೂಲಿ ಕೊಡಲೇಬೇಕು. ನಿಮ್ಮ ಏಳು ಜನರ ಜೇಬಿನಿಂದ ಅಷ್ಟು ಆಗುತ್ತದೆ.

ಕೊನೆಯದಾಗಿ, ಭಾನುವಾರ ರಾತ್ರಿ ನೀವು ಬೆಂಗಳೂರಿನ ಬಸ್ ಹತ್ತುತ್ತೀರಿ. ಆಗ ಪುಸ್ತಕ, ರೆಕಾರ್ಡಿಂಗ್ ಯಾರ ಹತ್ತಿರ ಇರುತ್ತವೆ? ನಿಮ್ಮ ಬ್ಯಾಗಿನಲ್ಲಿದ್ದರೆ ಅದು ನಿಮ್ಮ ಸಂಗ್ರಹ ಆಗುತ್ತದೆ, ಊರಿನದಾಗುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿನ ಮೇಲ್ವಿಚಾರಕರೊಂದಿಗೆ ಮಾತಾಡಿ, ಪುಸ್ತಕಕ್ಕೆ ಒಂದು ಕಪಾಟು ಕೇಳಿ. ಬೀಗ ಮಾತ್ರ ಬೇಡ ಅನ್ನಿ. ಹೈಸ್ಕೂಲಿನ ನಾಲ್ಕೈದು ಮಕ್ಕಳಿಗೆ ಮಳೆ ಪುಸ್ತಕದ ಜವಾಬ್ದಾರಿ ಕೊಡಿ. ಈ ಶನಿವಾರ ಸಂಜೆ ಡೈರಿ ಹತ್ತಿರ ರಂಗೋಲಿ ಪುಡಿ ಹಿಡಿದು ನಿಲ್ಲಿ. ಅಲ್ಲಿ ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.